ಕವಲಿನ ಬ್ಲಾಕ್‌ಗೆ ಒಂದು ಸ್ಟೆಂಟ್ ಸಾಕೇ, ಎರಡು ಬೇಕೇ?

ಪ್ರಶ್ನೆ: ಸರ್, ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ತಂದೆಗೆ 62 ವರ್ಷ. ಬಹಳ ವರ್ಷದಿಂದ ಶುಗರ್ ಇದೆ, ಬಿಪಿ ಗುಳಿಗೆಯೂ ನಡೆದಿದೆ. ಆರು ತಿಂಗಳಿಂದ ಹೊಲಕ್ಕೆ ಬಿರುಸಾಗಿ ನಡೆದು ಹೋದರೆ "ಎದಿ ಹಿಡದಂಗ ಆಗ್ತದ" ಅನ್ನುತ್ತಾರೆ. ನಿಂತರೆ ಎರಡು ಮೂರು ನಿಮಿಷಕ್ಕೆ ಕಡಿಮೆಯಾಗುತ್ತದೆ. ಬಳ್ಳಾರಿಯಲ್ಲಿ ಆಂಜಿಯೋಗ್ರಾಮ್ ಮಾಡಿಸಿದೆವು. ರಿಪೋರ್ಟಿನಲ್ಲಿ ಎಲ್‌ಎಡಿ ಎಂಬ ಹೃದಯದ ಮುಂಭಾಗದ ದೊಡ್ಡ ನಾಳದಲ್ಲಿ ಶೇ 85, ಅದರಿಂದ ಒಡೆಯುವ ಡಯಾಗೊನಲ್ ಕವಲಿನ ಬುಡದಲ್ಲಿ ಶೇ 70 ಬ್ಲಾಕ್, 'ಮೆಡಿನಾ 1,1,1' ಎಂದು ಬರೆದಿದ್ದಾರೆ. ಬೇರೆ ನಾಳಗಳಲ್ಲಿ ಸಣ್ಣಪುಟ್ಟ ಬ್ಲಾಕ್ ಮಾತ್ರ. ಪಂಪಿಂಗ್ ಶೇ 55 ಇದೆಯಂತೆ. ಅಲ್ಲಿನ ಡಾಕ್ಟರು ಒಂದು ಸ್ಟೆಂಟ್ ಸಾಕು, ಅಗತ್ಯ ಬಿದ್ದರೆ ಆಗಲೇ ಇನ್ನೊಂದು ಹಾಕೋಣ ಅಂದರು. ಹೈದರಾಬಾದಿನಲ್ಲಿ ತೋರಿಸಿದರೆ, ಎರಡು ಸ್ಟೆಂಟ್ ಹಾಕಿ 'ಡಿಕೆ ಕ್ರಶ್' ಮಾಡಬೇಕು, ಒಂದೇ ಹಾಕಿದರೆ ಕವಲು 'ಜೈಲ್' ಆಗುತ್ತದೆ ಅಂದರು. ಕಾಕಾ ಬೈಪಾಸೇ ಮಾಡಿಸಿ ಅನ್ನುತ್ತಾರೆ. ನಮ್ಮ ಮಾವ, ಎರಡು ಸ್ಟೆಂಟ್ ಅನ್ನೋದೆಲ್ಲ ದುಡ್ಡಿನ ಆಟ ಅನ್ನುತ್ತಾರೆ. ಯಾರ ಮಾತು ಕೇಳಬೇಕು? ತಡ ಮಾಡಿದರೆ ಅಟ್ಯಾಕ್ ಆಗುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಆ ಭಯ ಇಳಿಯದೆ ಉಳಿದದ್ದು ತಲೆಗೆ ಹೋಗುವುದಿಲ್ಲ.

ನಿಮ್ಮ ತಂದೆಯವರಿಗೆ ನಡೆದಾಗ ಮಾತ್ರ ಎದೆ ಹಿಡಿಯುತ್ತದೆ, ನಿಂತರೆ ಹೋಗುತ್ತದೆ, ಆರು ತಿಂಗಳಿಂದ ಹೆಚ್ಚುಕಡಿಮೆ ಹಾಗೆಯೇ ಇದೆ. ಇದು ಸ್ಥಿರವಾದ ಆಂಜೈನಾ. ಕೂತಲ್ಲೇ ನೋವು ಬರುವ, ದಿನದಿಂದ ದಿನಕ್ಕೆ ಹೆಚ್ಚುವ ಆಂಜೈನಾ ಬೇರೆ, ಇದು ಬೇರೆ. ಹೃದಯದ ಪಂಪಿಂಗ್ ಕೂಡ ಚೆನ್ನಾಗಿದೆ. ಇಂಥವರ ಬಗ್ಗೆ 'ಇಸ್ಕೀಮಿಯಾ' ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2020ರಲ್ಲಿ ಹೊರಬಂತು. 5179 ಜನ ರೋಗಿಗಳು. ಅರ್ಧ ಜನಕ್ಕೆ ಔಷಧಿಯ ಜೊತೆ ಆಂಜಿಯೋಗ್ರಾಮ್ ಮಾಡಿ, ಅಗತ್ಯಕ್ಕೆ ತಕ್ಕಂತೆ ಸ್ಟೆಂಟ್ ಅಥವಾ ಬೈಪಾಸ್ ಮಾಡುವ ದಾರಿ ಹಿಡಿದರು. ಉಳಿದವರಿಗೆ ಮೊದಲು ಔಷಧಿ ಮಾತ್ರ. ಮೂರು ವರ್ಷಕ್ಕೂ ಮೇಲೆ ಗಮನಿಸಿದಾಗ ಸಾವಿನ ಲೆಕ್ಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಕಡಿಮೆಯಾಗುವುದರಲ್ಲಿ ಮಾತ್ರ ಮೊದಲ ಗುಂಪು ಮುಂದಿತ್ತು. ಲೆಫ್ಟ್ ಮೇನ್ ನಾಳದಲ್ಲಿ, ಅಂದರೆ ಎಡಗಡೆಯ ಮೂಲನಾಳದಲ್ಲಿ, ದೊಡ್ಡ ಬ್ಲಾಕ್ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ ಎಂಬುದನ್ನೂ ಹೇಳಬೇಕು. ನಿಮ್ಮ ತಂದೆಯವರ ಬ್ಲಾಕ್ ಅಲ್ಲಿಲ್ಲ.

ಹಾಗಾಗಿ ಎರಡು ವಾರ ವಿಚಾರ ಮಾಡಿ ನಿರ್ಧಾರ ತೆಗೆದುಕೊಂಡರೆ ಏನೂ ಕೆಡುವುದಿಲ್ಲ. ಆ ಎರಡು ವಾರವೂ ಗುಳಿಗೆ ತಪ್ಪಬಾರದು, ಅಷ್ಟೆ. "ಇವತ್ತೇ ಅಡ್ಮಿಟ್ ಆಗಿ, ಇಲ್ಲದಿದ್ದರೆ ನಮ್ಮ ಜವಾಬ್ದಾರಿ ಅಲ್ಲ" ಎಂದು ಯಾರಾದರೂ ಅವಸರ ಮಾಡಿದರೆ, ಇವತ್ತೇ ಯಾಕೆ ಎಂದು ಕಾರಣ ಕೇಳಿ. ಕಾರಣ ಇದ್ದರೆ ಅವರು ಹೇಳುತ್ತಾರೆ.

ಈಗ ಕವಲಿನ ವಿಷಯಕ್ಕೆ ಬರೋಣ. ನಾವು ಮಾಡುವ ಆಂಜಿಯೋಪ್ಲಾಸ್ಟಿಗಳಲ್ಲಿ, ಅಂದರೆ ಬಲೂನ್, ಸ್ಟೆಂಟ್ ಹಾಕಿ ನಾಳ ತೆರೆಯುವ ಕೆಲಸದಲ್ಲಿ, ಶೇ 15ರಿಂದ 20ರಷ್ಟು ಕವಲು ಒಡೆಯುವ ಜಾಗದ ಬ್ಲಾಕ್‌ಗಳೇ. ಬ್ಲಾಕ್ ಅಲ್ಲೇ ಯಾಕೆ ಕೂರುತ್ತದೆ? ನೀವು ಎಡದಂಡೆ ಕಾಲುವೆಯ ಸೀಮೆಯವರು, ನಿಮಗೆ ಇದು ಗೊತ್ತು. ಕಾಲುವೆಯಿಂದ ಉಪಕಾಲುವೆ ಒಡೆಯುವಲ್ಲಿ ನೀರು ನೇರವಾಗಿ ಬಡಿಯುವ ಮೂಲೆ ಸ್ವಚ್ಛವಾಗಿರುತ್ತದೆ. ಅದರ ಎದುರು ದಂಡೆಯಲ್ಲಿ ನೀರು ನಿಧಾನವಾಗಿ ಸುತ್ತುತ್ತದೆ, ಹೂಳು ಅಲ್ಲಿ ಕೂರುತ್ತದೆ. ರಕ್ತನಾಳದಲ್ಲೂ ಹಾಗೆಯೇ. ಎರಡು ನಾಳ ಬೇರೆಯಾಗುವ ಚೂಪಾದ ಅಂಚಿಗೆ ಕರೀನಾ ಅನ್ನುತ್ತೇವೆ. ರಕ್ತ ಅಲ್ಲಿ ರಭಸವಾಗಿ ಬಡಿಯುವುದರಿಂದ ಅದು ಬಹುಮಟ್ಟಿಗೆ ಸ್ವಚ್ಛವಾಗಿರುತ್ತದೆ. ಅದರ ಎದುರು ಗೋಡೆಗಳಲ್ಲಿ ರಕ್ತದ ಉಜ್ಜಾಟ ಕಡಿಮೆ. ಕೊಬ್ಬು ಸೇರಿಕೊಳ್ಳುವುದು ಅಲ್ಲಿ. ಶುಗರ್, ಬಿಪಿ, ಬೀಡಿ ಸಿಗರೇಟು, ಕೆಟ್ಟ ಕೊಲೆಸ್ಟ್ರಾಲ್ ಇದ್ದರೆ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ.

ಈ ವಿವರವನ್ನು ಸುಮ್ನೆ ಹೇಳಲಿಲ್ಲ. ಮುಖ್ಯನಾಳದಲ್ಲಿ, ಅಂದರೆ ಇಲ್ಲಿ ಎಲ್‌ಎಡಿಯಲ್ಲಿ, ಸ್ಟೆಂಟ್ ಅರಳಿಸಿದಾಗ ಈ ಕರೀನಾ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಸರಿದು ಕವಲುನಾಳದ ಬಾಯಿಗೆ ಅಡ್ಡ ಬರುತ್ತದೆ. ಒಂದಿಷ್ಟು ಕೊಬ್ಬೂ ಆ ಕಡೆ ಜರುಗುತ್ತದೆ. ಆಮೇಲೆ ಎಕ್ಸ್-ರೇ ಪರದೆಯ ಮೇಲೆ ನೋಡಿದರೆ ಕವಲಿನ ಬಾಯಿ ಕಿರಿದಾಗಿ, ಮುಚ್ಚಿಯೇ ಹೋಯಿತೇನೋ ಅನ್ನುವಂತೆ ಕಾಣುತ್ತದೆ. ಹೈದರಾಬಾದಿನ ಡಾಕ್ಟರು 'ಜೈಲ್' ಅಂದದ್ದು, ಕವಲಿನ ಬಾಯಿಗೆ ಸ್ಟೆಂಟಿನ ತಂತಿಗಳು ಅಡ್ಡ ಬರುವುದಕ್ಕೆ. ಸ್ಟೆಂಟ್ ಹಾಕುವ ಕೋಣೆಯಾದ ಕ್ಯಾಥ್‌ಲ್ಯಾಬಿನಲ್ಲಿ ನಾವೆಲ್ಲ ದಿನಾ ಬಳಸುವ ಮಾತು ಅದು. ಮನೆಯವರ ಕಿವಿಗೆ ಬಿದ್ದರೆ ಕವಲಿಗೆ ರಕ್ತವೇ ನಿಂತುಹೋಯಿತು ಅನ್ನಿಸುತ್ತದೆ. ಹಾಗಲ್ಲ. ಸ್ಟೆಂಟ್ ಅಂದರೆ ಜಾಲರಿ. ಅದರ ಕಣ್ಣುಗಳ ಮೂಲಕ ರಕ್ತ ಹರಿಯುತ್ತಲೇ ಇರುತ್ತದೆ.

ಎಷ್ಟು ಹರಿಯುತ್ತದೆ ಎಂಬುದನ್ನು ಅಳೆಯಲೂಬಹುದು. ಎಫ್‌ಎಫ್‌ಆರ್ ಎಂಬ ಪರೀಕ್ಷೆ ಇದೆ. ಕೂದಲಿನಂಥ ತೆಳು ವೈರನ್ನು ಬ್ಲಾಕ್ ದಾಟಿಸಿ, ಆಚೆಗೆ ಒತ್ತಡ ಎಷ್ಟು ಇಳಿದಿದೆ ಎಂದು ನೋಡುತ್ತೇವೆ. ದಕ್ಷಿಣ ಕೊರಿಯಾದ ವೈದ್ಯರು 2005ರಲ್ಲಿ ಇಂಥ ಜೈಲ್ ಆದ ಕವಲುಗಳನ್ನು ಈ ರೀತಿ ಅಳೆದರು. ಕಣ್ಣಿಗೆ ಶೇ 75ಕ್ಕಿಂತ ಜಾಸ್ತಿ ಬ್ಲಾಕ್ ಎಂದು ಕಂಡ 73 ಕವಲುಗಳಲ್ಲಿ ನಿಜಕ್ಕೂ ರಕ್ತ ಕಡಿಮೆಯಾಗಿದ್ದದ್ದು 20ರಲ್ಲಿ ಮಾತ್ರ. ಶೇ 75ಕ್ಕಿಂತ ಕಡಿಮೆ ಕಂಡವುಗಳಲ್ಲಿ ಒಂದರಲ್ಲೂ ತೊಂದರೆ ಇರಲಿಲ್ಲ. ಕವಲಿನ ಬುಡದ ಬ್ಲಾಕನ್ನು ನಮ್ಮ ಕಣ್ಣು ದೊಡ್ಡದು ಮಾಡಿ ನೋಡುತ್ತದೆ. ಪಳಗಿದ ವೈದ್ಯರ ಕಣ್ಣೂ ಅಷ್ಟೇ. ನಿಮ್ಮ ರಿಪೋರ್ಟಿನ 'ಶೇ 70' ಕೂಡ ಕಣ್ಣಂದಾಜಿನ ಲೆಕ್ಕವೇ ಇರಬಹುದು.

ಮೆಡಿನಾ ಎಂದರೆ ಗಾಬರಿ ಬೇಡ. ಸ್ಪೇನಿನ ವೈದ್ಯ ಮೆಡಿನಾ ಮತ್ತು ಸಂಗಡಿಗರು 2006ರಲ್ಲಿ ಮಾಡಿಕೊಟ್ಟ ಸುಲಭದ ಗುರುತು ಅದು. ಮೊದಲ ಅಂಕಿ ಕವಲು ಒಡೆಯುವ ಮೊದಲಿನ ಮುಖ್ಯನಾಳದ್ದು, ಎರಡನೆಯದು ಒಡೆದ ನಂತರದ ಮುಖ್ಯನಾಳದ್ದು, ಮೂರನೆಯದು ಕವಲುನಾಳದ್ದು. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಬ್ಲಾಕ್ ಇದ್ದ ಕಡೆ 1, ಇಲ್ಲದ ಕಡೆ 0. 1,1,1 ಅಂದರೆ ಮೂರೂ ಕಡೆ ಇದೆ ಎಂದರ್ಥ. ಆದರೆ ಕವಲುನಾಳ ಎಷ್ಟು ದಪ್ಪ, ಬ್ಲಾಕ್ ಬುಡದಿಂದ ಎಷ್ಟು ಒಳಕ್ಕೆ ಹೋಗಿದೆ, ಸುಣ್ಣ ಕಟ್ಟಿದೆಯೋ ಇಲ್ಲವೋ, ಯಾವ ಕೋನದಲ್ಲಿ ಒಡೆದಿದೆ, ಇದ್ಯಾವುದನ್ನೂ ಆ ಮೂರು ಅಂಕಿ ಹೇಳುವುದಿಲ್ಲ. ಒಂದು ಸ್ಟೆಂಟೋ ಎರಡೋ ಎಂದು ತೀರ್ಮಾನ ಮಾಡುವುದು ಈ ಸಂಗತಿಗಳೇ. ನೀವು ಬರೆದು ಕಳಿಸಿದ ರಿಪೋರ್ಟಿನಲ್ಲಿ ಅವು ಇಲ್ಲ. ನಿಮ್ಮ ಇಬ್ಬರು ಡಾಕ್ಟರು ಬೇರೆ ಬೇರೆ ಮಾತು ಹೇಳಿದ್ದೂ ಬಹುಶಃ ಇಲ್ಲೇ. ಇಬ್ಬರೂ ಬಾಯಿಗೆ ಬಂದದ್ದು ಹೇಳಿಲ್ಲ. ಇಬ್ಬರ ಮಾತಿಗೂ ಹಿಂದೆ ಅಧ್ಯಯನಗಳಿವೆ.

ಬಳ್ಳಾರಿಯ ಡಾಕ್ಟರು ಹೇಳಿದ ವಿಧಾನಕ್ಕೆ 'ಪ್ರಾವಿಷನಲ್' ಎಂದು ಹೆಸರು. ಮುಖ್ಯನಾಳಕ್ಕೂ ಕವಲಿಗೂ ಒಂದೊಂದು ವೈರ್ ಇಳಿಸುತ್ತೇವೆ. ಮುಖ್ಯನಾಳದಲ್ಲಿ ಕವಲಿನ ಬಾಯಿ ದಾಟುವಂತೆ ಒಂದು ಸ್ಟೆಂಟ್ ಹಾಕುತ್ತೇವೆ. ನಂತರ ಕವಲಿನಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದ್ದರೆ ಅಲ್ಲಿಗೆ ಮುಗಿಯಿತು. ಸರಿ ಕಾಣದಿದ್ದರೆ ಸ್ಟೆಂಟಿನ ಕಣ್ಣಿನ ಮೂಲಕ ವೈರ್ ತೂರಿಸಿ, ಬಲೂನ್ ಹಾಕಿ ಕವಲಿನ ಬಾಯಿ ಅಗಲ ಮಾಡುತ್ತೇವೆ. ಎರಡೂ ನಾಳದಲ್ಲಿ ಒಟ್ಟಿಗೇ ಬಲೂನ್ ಉಬ್ಬಿಸುವುದಕ್ಕೆ 'ಕಿಸ್ಸಿಂಗ್ ಬಲೂನ್' ಅನ್ನುತ್ತಾರೆ. ಅದಕ್ಕೂ ಬಗ್ಗದಿದ್ದರೆ ಆಗ ಎರಡನೇ ಸ್ಟೆಂಟ್. "ಅಗತ್ಯ ಬಿದ್ದರೆ ಆಗಲೇ ಇನ್ನೊಂದು" ಎಂದು ಅವರು ಹೇಳಿದ್ದು ಇದನ್ನೇ. ಅದು ಅರೆಮನಸ್ಸಿನ ಮಾತಲ್ಲ, ಆ ವಿಧಾನವೇ ಹಾಗೆ.

ಈ ಕೆಲಸದಲ್ಲಿ ನನ್ನ ಪ್ರಕಾರ ಅತಿ ಮುಖ್ಯವಾದ ಒಂದು ಹಂತವಿದೆ, ಮನೆಯವರಿಗೆ ಅದನ್ನು ಯಾರೂ ಹೇಳುವುದಿಲ್ಲ. ಕವಲು ಒಡೆದ ಮೇಲೆ ಮುಖ್ಯನಾಳ ಸಣ್ಣದಾಗುತ್ತದೆ. ಇದಕ್ಕೆ ಒಂದು ಲೆಕ್ಕವೂ ಇದೆ. ಎರಡು ಕವಲುಗಳ ಅಳತೆ ಕೂಡಿಸಿ 0.678ರಿಂದ ಗುಣಿಸಿದರೆ ಒಡೆಯುವ ಮೊದಲಿನ ನಾಳದ ಅಳತೆ ಸುಮಾರಾಗಿ ಸಿಗುತ್ತದೆ. ಉದಾಹರಣೆಗೆ ಮುಂದಿನ ಎಲ್‌ಎಡಿ 3 ಮಿಲಿಮೀಟರ್, ಡಯಾಗೊನಲ್ 2.25 ಮಿಲಿಮೀಟರ್ ಇದ್ದರೆ, ಮೇಲಿನ ಎಲ್‌ಎಡಿ ಸುಮಾರು 3.5 ಇರುತ್ತದೆ. ಸ್ಟೆಂಟನ್ನು ಮುಂದಿನ ಸಣ್ಣ ಭಾಗದ ಅಳತೆಗೆ ಆರಿಸುತ್ತೇವೆ. ಹಾಗೇ ಬಿಟ್ಟರೆ ಮೇಲಿನ ಅಗಲ ಭಾಗದಲ್ಲಿ ಸ್ಟೆಂಟ್ ಗೋಡೆಗೆ ತಾಗದೆ ಸಡಿಲವಾಗಿ ನಿಲ್ಲುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಅದಕ್ಕೆ ಗಿಡ್ಡನೆಯ, ದೊಡ್ಡ ಅಳತೆಯ ಬಲೂನನ್ನು ಕರೀನಾದವರೆಗೆ ಮಾತ್ರ ಇಟ್ಟು ಮತ್ತೆ ಉಬ್ಬಿಸಿ ಸ್ಟೆಂಟನ್ನು ಗೋಡೆಗೆ ಕೂರಿಸಬೇಕು. ಇದಕ್ಕೆ 'ಪಾಟ್' ಎಂದು ಹೆಸರು. ಒಂದು ಸ್ಟೆಂಟ್ ಇರಲಿ, ಎರಡು ಇರಲಿ, ಇದನ್ನು ಬಿಟ್ಟ ಕೆಲಸ ಅರ್ಧ ಕೆಲಸ.

ಒಂದೇ ಸ್ಟೆಂಟಿನ ಪರವಾಗಿ ಹಳೆಯ ಆಧಾರಗಳು ಗಟ್ಟಿಯಾಗಿವೆ. 2006ರ 'ನಾರ್ಡಿಕ್' ಅಧ್ಯಯನದಲ್ಲಿ 413 ರೋಗಿಗಳಿದ್ದರು. ಒಂದು ಸ್ಟೆಂಟಿಗೂ ಎರಡಕ್ಕೂ ಆರು ತಿಂಗಳಲ್ಲಿ ಫಲಿತಾಂಶದ ವ್ಯತ್ಯಾಸ ಬರಲಿಲ್ಲ. ಎರಡು ಹಾಕಿದವರಲ್ಲಿ ಸಮಯ, ಎಕ್ಸ್-ರೇ, ನಾಳ ಕಾಣಲು ಬಿಡುವ ಡೈ ಎಲ್ಲ ಜಾಸ್ತಿ ಖರ್ಚಾಯಿತು. 2010ರಲ್ಲಿ ಬ್ರಿಟನ್ನಿನ 'ಬಿಬಿಸಿ ಒನ್' 500 ಜನರಲ್ಲಿ ನೋಡಿತು. ಒಂಬತ್ತು ತಿಂಗಳಲ್ಲಿ ಸಾವು, ಹೃದಯಾಘಾತ ಅಥವಾ ಅದೇ ನಾಳದ ತೊಂದರೆ ಎಲ್ಲ ಸೇರಿ ಸರಳ ವಿಧಾನದಲ್ಲಿ ಶೇ 8, ಎರಡು ಸ್ಟೆಂಟಿನಲ್ಲಿ ಶೇ 15.2. ಅಲ್ಲಿಂದ "ಮೊದಲು ಒಂದೇ" ಎಂಬುದು ನಮ್ಮಲ್ಲಿ ರೂಢಿಯಾಯಿತು.

ಹಾಗಾದರೆ ಹೈದರಾಬಾದಿನವರು ತಪ್ಪಾ? ಇಲ್ಲ. ಎರಡು ಸ್ಟೆಂಟ್ ಹಾಕುವ ರೀತಿಯೇ ಆಮೇಲೆ ಸುಧಾರಿಸಿತು. ಇದರಲ್ಲಿ ಹಲವು ಬಗೆ ಇವೆ. ಕವಲು ಹೆಚ್ಚುಕಡಿಮೆ ಲಂಬಕೋನದಲ್ಲಿ ಒಡೆದಿದ್ದರೆ ಟಿ ಅಥವಾ ಟ್ಯಾಪ್ ವಿಧಾನ. ಇದರಲ್ಲಿ ಮುಖ್ಯನಾಳದ ಸ್ಟೆಂಟ್ ಮೊದಲು, ಅದರ ಕಣ್ಣಿನ ಮೂಲಕ ಕವಲಿಗೆ ಎರಡನೆಯದು. ಪ್ರಾವಿಷನಲ್ ಎಂದು ಶುರು ಮಾಡಿ ಮಧ್ಯದಲ್ಲಿ ಎರಡನೆಯದು ಬೇಕಾದಾಗ ನನ್ನ ಕೈ ಹೆಚ್ಚಾಗಿ ಹೋಗುವುದು ಟ್ಯಾಪ್ ಕಡೆಗೇ. ಎರಡೂ ನಾಳ ಹೆಚ್ಚುಕಡಿಮೆ ಸಮ ದಪ್ಪ ಇದ್ದು, ಕೋನ ಕಿರಿದಾಗಿದ್ದರೆ ಕ್ಯುಲಾಟ್ ವಿಧಾನ ಒಗ್ಗುತ್ತದೆ. ಇದರಲ್ಲಿ ಕವಲಿಗೆ ಇಳಿಯುವ ಸ್ಟೆಂಟ್, ಮುಂದಿನ ಮುಖ್ಯನಾಳಕ್ಕೆ ಇಳಿಯುವ ಸ್ಟೆಂಟ್, ಎರಡೂ ಮೇಲಿನ ನಾಳದಲ್ಲಿ ಒಂದರೊಳಗೊಂದು ಕೂರುತ್ತವೆ. ಕವಲು ತೀರ ಸಣ್ಣದಿದ್ದರೆ ಇದು ಬೇಡ. ಸಣ್ಣ ಸ್ಟೆಂಟನ್ನು ದೊಡ್ಡ ನಾಳದ ಅಳತೆಗೆ ಹಿಗ್ಗಿಸಲು ಒಂದು ಮಿತಿ ಇರುತ್ತದೆ.

ಇನ್ನು ಡಿಕೆ ಕ್ರಶ್. ಇದನ್ನು ಬೆಳೆಸಿದವರು ಚೀನಾದ ನಾನ್‌ಜಿಂಗ್‌ನ ಡಾ. ಚೆನ್ ಷಾವೊಲಿಯಾಂಗ್ ಮತ್ತು ಅವರ ತಂಡ. ಮೊದಲು ಕವಲಿಗೆ ಸ್ಟೆಂಟ್ ಹಾಕುತ್ತಾರೆ, ಅದರ ತುದಿ ಒಂದೆರಡು ಮಿಲಿಮೀಟರ್ ಮುಖ್ಯನಾಳದೊಳಗೆ ಚಾಚಿಕೊಂಡಿರುತ್ತದೆ. ಮುಖ್ಯನಾಳದಲ್ಲಿ ಬಲೂನ್ ಉಬ್ಬಿಸಿ ಆ ಚಾಚಿದ ತುದಿಯನ್ನು ಗೋಡೆಗೆ ಅಪ್ಪಚ್ಚಿ ಮಾಡುತ್ತಾರೆ. ಅಪ್ಪಚ್ಚಿಯಾದ ಜಾಲರಿಯ ಮೂಲಕ ಮತ್ತೆ ಕವಲಿಗೆ ವೈರ್ ತೂರಿಸಿ, ಮೊದಲ ಸಲ ಕಿಸ್ಸಿಂಗ್ ಬಲೂನ್. ಆಮೇಲೆ ಮುಖ್ಯನಾಳದ ಸ್ಟೆಂಟ್. ಆಮೇಲೆ ಪಾಟ್. ಮತ್ತೆ ಕವಲಿಗೆ ವೈರ್, ಎರಡನೇ ಸಲ ಕಿಸ್ಸಿಂಗ್ ಬಲೂನ್, ಕೊನೆಗೆ ಇನ್ನೊಮ್ಮೆ ಪಾಟ್. ಓದುವಾಗಲೇ ಸುಸ್ತಾಗುತ್ತದೆ ಅಲ್ವಾ? ಹಳೆಯ ಕ್ರಶ್ ವಿಧಾನದಲ್ಲಿ ಮಧ್ಯದ ಆ ಮೊದಲ ಕಿಸ್ಸಿಂಗ್ ಇರಲಿಲ್ಲ. ಕೊನೆಯಲ್ಲಿ ಎರಡು ಪದರದ ಜಾಲರಿಯ ಮೂಲಕ ವೈರ್ ದಾಟುವುದೇ ಕಷ್ಟವಾಗಿ, ಎಷ್ಟೋ ಸಲ ಕವಲಿನ ಬಾಯಿ ಸರಿಯಾಗಿ ಅರಳದೆ ಉಳಿಯುತ್ತಿತ್ತು. ಡಿಕೆ ಕ್ರಶ್ ಆ ದೋಷವನ್ನು ಸರಿಪಡಿಸಿತು.

ಫಲಿತಾಂಶ ಚೆನ್ನಾಗಿಯೇ ಬಂತು. 2017ರ 'ಡಿಕೆಕ್ರಶ್ 5' ಅಧ್ಯಯನದಲ್ಲಿ ಲೆಫ್ಟ್ ಮೇನ್ ಕವಲಿನ ಬ್ಲಾಕ್ ಇದ್ದ 482 ಜನರಿದ್ದರು. ಒಂದು ವರ್ಷದಲ್ಲಿ ಸ್ಟೆಂಟ್ ಹಾಕಿದ ಜಾಗ ಕೈಕೊಟ್ಟದ್ದು ಪ್ರಾವಿಷನಲ್‌ನಲ್ಲಿ ಶೇ 10.7, ಡಿಕೆ ಕ್ರಶ್‌ನಲ್ಲಿ ಶೇ 5. ಆದರೆ 2021ರಲ್ಲಿ ಯುರೋಪಿನ 'ಇಬಿಸಿ ಮೇನ್' ಅಂಥದ್ದೇ 467 ಜನರಲ್ಲಿ ನೋಡಿದಾಗ ಹಾಗೆ ಬರಲಿಲ್ಲ. ಹಂತ ಹಂತದ ಪ್ರಾವಿಷನಲ್‌ನಲ್ಲಿ ಶೇ 14.7, ಎರಡು ಸ್ಟೆಂಟಿನಲ್ಲಿ ಶೇ 17.7 ಜನರಿಗೆ ತೊಂದರೆ ಬಂತು. ಅಂಕಿಶಾಸ್ತ್ರದ ಲೆಕ್ಕದಲ್ಲಿ ಅದು ಸಮ. ಆದರೆ ಯುರೋಪಿನಲ್ಲಿ ಎರಡು ಸ್ಟೆಂಟ್ ಎಂದರೆ ಬೇರೆ ಬೇರೆ ವಿಧಾನಗಳು ಸೇರಿದ್ದವು, ಚೀನಾದಲ್ಲಿ ಆ ಒಂದೇ ವಿಧಾನದಲ್ಲಿ ಪಳಗಿದ ಕೈಗಳು ಕೆಲಸ ಮಾಡಿದ್ದವು. ರೋಗಿಗಳ ಬ್ಲಾಕ್‌ಗಳೂ ಒಂದೇ ತೂಕದವಲ್ಲ. ಹಾಗಾಗಿ ಇದು ಗೆದ್ದಿತು, ಅದು ಸೋತಿತು ಎಂದು ಈ ಎರಡನ್ನು ಓದಬಾರದು.

ನಿಮ್ಮ ತಂದೆಯವರ ಬ್ಲಾಕ್‌ಗೆ ಹತ್ತಿರವಾದದ್ದು 2011ರ 'ಡಿಕೆಕ್ರಶ್ 2'. 370 ಜನ, ಮುಖ್ಯನಾಳದಲ್ಲೂ ಕವಲುನಾಳದಲ್ಲೂ ಬ್ಲಾಕ್ ಇದ್ದಂಥ ಕವಲುಗಳು. ಒಂದು ವರ್ಷದಲ್ಲಿ ಅದೇ ಜಾಗಕ್ಕೆ ಮತ್ತೆ ಆಂಜಿಯೋಪ್ಲಾಸ್ಟಿ ಬೇಕಾದದ್ದು ಪ್ರಾವಿಷನಲ್‌ನಲ್ಲಿ ಶೇ 13, ಡಿಕೆ ಕ್ರಶ್‌ನಲ್ಲಿ ಶೇ 4.3. ಸಾವು, ಹೃದಯಾಘಾತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಲ್ಲಿ ತೊಂದರೆ ಇರಲಿ ಬಿಡಲಿ, ಎಂಟು ತಿಂಗಳಿಗೆ ಮತ್ತೆ ಆಂಜಿಯೋಗ್ರಾಮ್ ಮಾಡುವ ಕ್ರಮವಿತ್ತು. ಹಾಗೆ ಮಾಡಿದಾಗ ಕಣ್ಣಿಗೆ ಕಂಡದ್ದಕ್ಕೆಲ್ಲ ಕೈ ಹಾಕುವುದು ಸಹಜ. ಕಣ್ಣು ಕವಲಿನ ಬಾಯಿಯನ್ನು ಹೇಗೆ ನೋಡುತ್ತದೆ ಎಂದು ಆಗಲೇ ಹೇಳಿದೆ.

ಮುಂದೆ ಇದೇ ತಂಡ "ಎಲ್ಲ ಕವಲಿಗೂ ಎರಡು ಬೇಡ, ಯಾವುದಕ್ಕೆ ಬೇಕು?" ಎಂದು ಹುಡುಕಿತು. 2020ರ 'ಡೆಫಿನಿಷನ್ 2' ಅಧ್ಯಯನ ಅದು. 653 ಜನ. ನಿಜಕ್ಕೂ ಜಟಿಲವಾದ ಕವಲುಗಳಲ್ಲಿ ಒಂದು ವರ್ಷಕ್ಕೆ ತೊಂದರೆ ಎರಡು ಸ್ಟೆಂಟಿನಲ್ಲಿ ಶೇ 6.1, ಪ್ರಾವಿಷನಲ್‌ನಲ್ಲಿ ಶೇ 11.4. ಇಲ್ಲಿ 'ಜಟಿಲ' ಅಂದರೆ ಏನು ಎಂಬುದು ನಿಮಗೆ ಬೇಕಾದ ಸಂಗತಿ. ಲೆಫ್ಟ್ ಮೇನ್ ಅಲ್ಲದ ಕವಲಾದರೆ ಕವಲುನಾಳದಲ್ಲಿ ಬ್ಲಾಕ್ ಶೇ 90 ಆದರೂ ಇರಬೇಕು, ಅದು 10 ಮಿಲಿಮೀಟರ್ ಆದರೂ ಉದ್ದ ಇರಬೇಕು. ಇದರ ಮೇಲೆ ಸುಣ್ಣ ಕಟ್ಟಿರುವುದು, ಮುಖ್ಯನಾಳದ ಬ್ಲಾಕ್ 25 ಮಿಲಿಮೀಟರಿಗಿಂತ ಉದ್ದ ಇರುವುದು ಇಂಥವುಗಳಲ್ಲಿ ಎರಡಾದರೂ ಕೂಡಿರಬೇಕು. ನಿಮ್ಮ ತಂದೆಯವರ ಡಯಾಗೊನಲ್ ಶೇ 70. ಈ ಅಳತೆಗೆ ಅದು ಬರುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ: ರಿಪೋರ್ಟ್ ಹೇಳುವಷ್ಟೇ ನಿಜವಾದರೆ, ಬಳ್ಳಾರಿಯ ಡಾಕ್ಟರು ಹೇಳಿದ "ಮೊದಲು ಒಂದು" ಸರಿಯಾದ ದಾರಿ. ಆದರೆ ಡಯಾಗೊನಲ್ ನಾಳ 2.5 ಮಿಲಿಮೀಟರಿಗಿಂತ ದಪ್ಪವಾಗಿದ್ದು, ಹೃದಯದ ದೊಡ್ಡ ಭಾಗಕ್ಕೆ ರಕ್ತ ಕೊಡುತ್ತಿದ್ದು, ಬ್ಲಾಕ್ ಬುಡದಲ್ಲಷ್ಟೇ ನಿಲ್ಲದೆ ಒಂದು ಸೆಂಟಿಮೀಟರಿಗಿಂತ ಒಳಕ್ಕೆ ಹೋಗಿದ್ದರೆ, ನಾನೂ ಹೈದರಾಬಾದಿನವರ ಕಡೆಗೇ ವಾಲುತ್ತೇನೆ. ಅಂಥ ಕವಲಿಗೆ ಕೊನೆಗೆ ಎರಡನೇ ಸ್ಟೆಂಟ್ ಬೇಕೇ ಬೇಕಾಗುವಂತಿದ್ದರೆ ಮೊದಲಿನಿಂದಲೇ ಯೋಜನೆ ಮಾಡಿಕೊಂಡು ಹಾಕುವುದು ಒಳ್ಳೆಯದು. ಕವಲು ಮುಚ್ಚಿಹೋದ ಮೇಲೆ ಗಡಿಬಿಡಿಯಲ್ಲಿ ವೈರ್ ಹುಡುಕುವುದು ಯಾರಿಗೂ ಬೇಡ.

ಅಂದರೆ ಅವರಿಬ್ಬರನ್ನೂ ಕೇಳಬೇಕಾದ ಪ್ರಶ್ನೆ ಬೇರೆ. "ಒಂದೋ ಎರಡೋ" ಎಂದು ಕೇಳಬೇಡಿ. "ಡಯಾಗೊನಲ್ ಎಷ್ಟು ಮಿಲಿಮೀಟರ್ ದಪ್ಪ ಇದೆ? ಬ್ಲಾಕ್ ಒಳಗೆ ಎಷ್ಟು ಉದ್ದ ಹೋಗಿದೆ? ಸುಣ್ಣ ಕಟ್ಟಿದೆಯಾ?" ಎಂದು ಕೇಳಿ. ಇಬ್ಬರ ಉತ್ತರವೂ ಒಂದೇ ಆಗಿದ್ದು ಸಲಹೆ ಮಾತ್ರ ಬೇರೆಯಾದರೆ, ಅದು ಅವರವರ ಅಭ್ಯಾಸದ ವ್ಯತ್ಯಾಸ. ಆಗ ನೀವು ನೋಡಬೇಕಾದದ್ದು ಕೈ. ಡಿಕೆ ಕ್ರಶ್ ಅನ್ನು ವಾರ ವಾರ ಮಾಡುವವರ ಕೈಯಲ್ಲಿ ಅದು ಒಳ್ಳೆಯ ವಿಧಾನ. ವರ್ಷಕ್ಕೊಮ್ಮೆ ಮಾಡುವವರ ಕೈಯಲ್ಲಿ ಅಲ್ಲ. "ಸರ್, ನೀವು ಇದನ್ನು ಆಗಾಗ ಮಾಡ್ತೀರಾ?" ಎಂದು ಕೇಳಿದರೆ ಒಳ್ಳೆಯ ಡಾಕ್ಟರಿಗೆ ಸಿಟ್ಟು ಬರುವುದಿಲ್ಲ.

ಇನ್ನೊಂದು ಪ್ರಶ್ನೆಯೂ ಇರಲಿ: "ಒಳಗಿನಿಂದ ಇಮೇಜಿಂಗ್ ಮಾಡ್ತೀರಾ?" ಐವಸ್ ಅಥವಾ ಒಸಿಟಿ ಎಂಬ ಸಣ್ಣ ಕ್ಯಾಥೆಟರನ್ನು ನಾಳದೊಳಗೆ ಇಳಿಸಿ ಗೋಡೆ, ಬ್ಲಾಕ್, ಸ್ಟೆಂಟ್ ಕೂತ ರೀತಿ ಎಲ್ಲವನ್ನೂ ಒಳಗಿನಿಂದಲೇ ನೋಡಬಹುದು. 2023ರ 'ಅಕ್ಟೋಬರ್' ಅಧ್ಯಯನದಲ್ಲಿ ಜಟಿಲ ಕವಲಿನ 1201 ರೋಗಿಗಳಿದ್ದರು. ಎರಡು ವರ್ಷದಲ್ಲಿ ತೊಂದರೆ ಒಸಿಟಿ ನೋಡಿ ಮಾಡಿದವರಲ್ಲಿ ಶೇ 10.1, ಬರೀ ಎಕ್ಸ್-ರೇ ನೋಡಿ ಮಾಡಿದವರಲ್ಲಿ ಶೇ 14.1. ಸ್ಟೆಂಟಿನ ಸಂಖ್ಯೆಗಿಂತ ಈ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಕವಲಿಗೆ ಸ್ಟೆಂಟ್ ಬದಲು ಔಷಧಿ ಲೇಪಿಸಿದ ಬಲೂನ್ ಉಬ್ಬಿಸಿ ಬಿಡುವ ಮೂರನೇ ದಾರಿಯೂ ಈಗ ಬಂದಿದೆ. 2024ರಲ್ಲಿ 784 ಜನರ ಅಧ್ಯಯನವೊಂದರಲ್ಲಿ ಮುಖ್ಯನಾಳಕ್ಕೆ ಸ್ಟೆಂಟ್ ಹಾಕಿ, ಕವಲಿಗೆ ಇಂಥ ಬಲೂನ್ ಬಳಸಿದವರಿಗೆ ಸಾದಾ ಬಲೂನಿನವರಿಗಿಂತ ತೊಂದರೆ ಕಡಿಮೆಯಾಯಿತು: ಶೇ 7.2 ಮತ್ತು ಶೇ 12.5. ನಿಮ್ಮ ತಂದೆಯವರಂಥ ಕವಲಿಗೆ ಇದು ಹೊಂದುವ ದಾರಿ, ಕೇಳಿ ನೋಡಿ. ಈ ಬಲೂನಿನ ಬೆಲೆ ಜಾಸ್ತಿ.

ಅಪಾಯಗಳನ್ನೂ ಹೇಳಬೇಕು. ಒಂದೇ ಸ್ಟೆಂಟ್ ಹಾಕುವಾಗ ಕವಲು ಪೂರ್ತಿ ಮುಚ್ಚಿಹೋಗಿ ಸಣ್ಣ ಹೃದಯಾಘಾತ ಆಗಬಹುದು. ಅದಕ್ಕೇ ಮೊದಲೇ ಕವಲಿಗೆ ವೈರ್ ಹಾಕಿಟ್ಟಿರುತ್ತೇವೆ. ಎರಡು ಸ್ಟೆಂಟಿನಲ್ಲಿ ಲೋಹ ಜಾಸ್ತಿ, ಕೆಲವೆಡೆ ಎರಡು ಮೂರು ಪದರ. ಗುಳಿಗೆ ತಪ್ಪಿದರೆ ಹೆಪ್ಪುಗಟ್ಟುವ ಅಪಾಯ ಅಲ್ಲಿ ಹೆಚ್ಚು, ಕವಲಿನ ಬಾಯಲ್ಲಿ ಮತ್ತೆ ಬ್ಲಾಕ್ ಕಟ್ಟುವ ಸಾಧ್ಯತೆಯೂ ಇದೆ. ಹೊತ್ತು ಹೆಚ್ಚಾದಷ್ಟೂ ಡೈ ಜಾಸ್ತಿ ಹೋಗುತ್ತದೆ, ಅದು ಕಿಡ್ನಿಗೆ ಭಾರ. ಬಹಳ ವರ್ಷದ ಶುಗರ್ ಇರುವುದರಿಂದ ಕಿಡ್ನಿಯ ಕ್ರಿಯಾಟಿನಿನ್ ಎಷ್ಟಿದೆ ಎಂದು ಮೊದಲೇ ನೋಡಿಸಿ. ನೀವು ಅದನ್ನು ಬರೆದಿಲ್ಲ.

ಕಾಕಾ ಹೇಳಿದ ಬೈಪಾಸ್ ತಳ್ಳಿಹಾಕುವ ಮಾತಲ್ಲ. ಶುಗರ್ ಇದ್ದು ಎರಡು ಮೂರು ನಾಳದಲ್ಲಿ ದೊಡ್ಡ ಬ್ಲಾಕ್ ಇದ್ದವರಿಗೆ ಬೈಪಾಸೇ ಮೇಲು. 2012ರ 'ಫ್ರೀಡಂ' ಅಧ್ಯಯನ ಅದನ್ನು 1900 ಜನರಲ್ಲಿ ತೋರಿಸಿತು. ಐದು ವರ್ಷದಲ್ಲಿ ಸಾವು, ಹೃದಯಾಘಾತ, ಲಕ್ವ ಸೇರಿ ಸ್ಟೆಂಟಿನಲ್ಲಿ ಶೇ 26.6, ಬೈಪಾಸಿನಲ್ಲಿ ಶೇ 18.7. ಲಕ್ವ ಮಾತ್ರ ಬೈಪಾಸಿನಲ್ಲಿ ಜಾಸ್ತಿ ಇತ್ತು. ನಿಮ್ಮ ತಂದೆಯವರಿಗೆ ದೊಡ್ಡ ಬ್ಲಾಕ್ ಇರುವುದು ಒಂದೇ ಕವಲಿನ ಜಾಗದಲ್ಲಿ. ಅದೊಂದಕ್ಕಾಗಿ ಎದೆ ತೆರೆಯುವುದು ಮೊದಲ ಆಯ್ಕೆಯಲ್ಲ. ಬೇರೆ ನಾಳದ ಬ್ಲಾಕ್‌ಗಳು ನಿಜಕ್ಕೂ ಸಣ್ಣವೇ ಎಂದು ಆಂಜಿಯೋಗ್ರಾಮಿನ ಸಿಡಿ ನೋಡಿದವರು ಖಚಿತ ಮಾಡಲಿ. ಇಲ್ಲವಾದರೆ ಲೆಕ್ಕ ಬದಲಾಗುತ್ತದೆ, ಕಾಕಾ ಗೆಲ್ಲುತ್ತಾರೆ.

ಮಾವನವರ ಅನುಮಾನಕ್ಕೂ ಕಾರಣ ಇಲ್ಲದಿಲ್ಲ. ಒಂದು ಕಾಲಕ್ಕೆ ಔಷಧಿ ಲೇಪಿತ ಸ್ಟೆಂಟ್ ಒಂದಕ್ಕೇ ಲಕ್ಷಕ್ಕೂ ಮೇಲೆ ಬಿಲ್ ಆಗುತ್ತಿತ್ತು. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಅದನ್ನು 29,600 ರೂಪಾಯಿಗೆ ಕಟ್ಟಿಹಾಕಿತು. ಆಮೇಲೆ ಪರಿಷ್ಕರಣೆ ಆಗುತ್ತಾ ಬಂದಿದೆ, ಆದರೂ ಮಿತಿ ಮಿತಿಯೇ. ಈಗ ಬಿಲ್ ಬೆಳೆಯುವುದು ಸ್ಟೆಂಟಿಗಿಂತ ಬಲೂನ್, ವೈರ್, ಇಮೇಜಿಂಗ್ ಕ್ಯಾಥೆಟರ್ ಮತ್ತು ಪ್ಯಾಕೇಜಿನಲ್ಲಿ. ಎರಡು ಸ್ಟೆಂಟ್ ಎಂದರೆ ಇವೆಲ್ಲ ಒಂದಿಷ್ಟು ಹೆಚ್ಚು ಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ಎಪಿಎಲ್ ಇದ್ದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಎರಡನೇ ಸ್ಟೆಂಟ್, ಇಮೇಜಿಂಗ್ ಇದರಲ್ಲಿ ಸೇರುತ್ತವೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಹೈದರಾಬಾದಿಗೆ ಹೋಗುವುದಾದರೆ ಅಲ್ಲಿ ಈ ಕಾರ್ಡ್ ನಡೆಯುತ್ತದೆಯೇ ಎಂದೂ ಕೇಳಿಕೊಂಡೇ ಹೊರಡಿ. ಸರ್ಕಾರಿ ವ್ಯವಸ್ಥೆಯಲ್ಲೇ ಮೂರನೇ ಅಭಿಪ್ರಾಯ ಬೇಕೆಂದರೆ ಕಲಬುರಗಿಯ ಜಯದೇವ ಇದೆ.

ಎಲ್ಲಿಗೇ ಹೋದರೂ ಆಂಜಿಯೋಗ್ರಾಮಿನ ಸಿಡಿ ಒಯ್ಯಿರಿ. ಕಾಗದದ ರಿಪೋರ್ಟ್ ನೋಡಿ ಇಂಥ ತೀರ್ಮಾನ ಮಾಡಲು ಆಗುವುದಿಲ್ಲ. ಸಿಡಿ ಕೇಳಿ ಪಡೆಯುವುದು ನಿಮ್ಮ ಹಕ್ಕು. ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ.

ಸ್ಟೆಂಟ್ ಆದ ಮೇಲಿನದು ಚಿಕ್ಕದಾಗಿ ಹೇಳುತ್ತೇನೆ. ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಥರದ ಎರಡು ಗುಳಿಗೆ ಒಟ್ಟಿಗೆ ಕಡಿಮೆ ಎಂದರೆ ಆರು ತಿಂಗಳು. ಎರಡು ಸ್ಟೆಂಟ್ ಆದರೆ ಒಂದು ವರ್ಷ ಎನ್ನಬಹುದು. ಹಲ್ಲು ಕೀಳಿಸಲು ಹೋದಾಗ ಯಾರೋ ಹೇಳಿದರೆಂದು ನಿಲ್ಲಿಸಬೇಡಿ, ಹೃದಯದ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಕೊಲೆಸ್ಟ್ರಾಲಿನ ಗುಳಿಗೆ ಜೀವನಪೂರ್ತಿ. ಬೆಳ್ಳುಳ್ಳಿ, ಶುಂಠಿ, ನಿಂಬೆಯ ಕಷಾಯ ಬ್ಲಾಕ್ ಕರಗಿಸುತ್ತದೆ ಎಂಬುದು ನಮ್ಮ ಕಡೆ ಬಹಳ ಓಡಾಡುವ ಮಾತು. ಕರಗಿಸುವುದಿಲ್ಲ. ಕುಡಿಯಬೇಕೆನ್ನಿಸಿದರೆ ಡಾಕ್ಟರಿಗೆ ಹೇಳಿ ಕುಡಿಯಲಿ, ಗುಳಿಗೆಯ ಬದಲಿಗೆ ಬೇಡ.

ಈ ಎರಡು ವಾರದಲ್ಲಿ ಡಾಕ್ಟರು ಬರೆದುಕೊಟ್ಟಿದ್ದರೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ 5 ಮಿಲಿಗ್ರಾಂ ಅವರ ಜೇಬಿನಲ್ಲಿರಲಿ. ನೋವು ಬಂದರೆ ಕೂತುಕೊಂಡೇ ಇಟ್ಟುಕೊಳ್ಳಬೇಕು, ನಿಂತು ಇಟ್ಟುಕೊಂಡರೆ ಬಿಪಿ ಇಳಿದು ತಲೆ ತಿರುಗುತ್ತದೆ. ಕೂತಲ್ಲೇ ನೋವು ಬಂದರೆ, ಹತ್ತು ನಿಮಿಷಕ್ಕೂ ಹೋಗದಿದ್ದರೆ, ಬೆವರು ಒಡೆದರೆ, ಅಥವಾ ಮೊದಲಿಗಿಂತ ಕಡಿಮೆ ನಡಿಗೆಗೇ ಬರತೊಡಗಿದರೆ ಮೇಲೆ ಹೇಳಿದ "ಅವಸರವಿಲ್ಲ" ಎಂಬ ಮಾತನ್ನು ಮರೆತುಬಿಡಿ. ಬಳ್ಳಾರಿ, ಹೈದರಾಬಾದ್ ಎಂದು ಗಾಡಿ ಹುಡುಕುತ್ತಾ ಕೂರಬೇಡಿ. ನೇರವಾಗಿ ಸಿಂಧನೂರಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ತಾಲ್ಲೂಕು ಮಟ್ಟದಲ್ಲೇ ಇಸಿಜಿ ನೋಡಿಸಿ, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡಲೆಂದೇ ಸರ್ಕಾರ 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಶುರು ಮಾಡಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯೇ ಎಂದು ನಾಳೆಯೇ ಹೋಗಿ ವಿಚಾರಿಸಿಟ್ಟುಕೊಳ್ಳಿ. ಸಿಡಿ ಪ್ರತಿ ಮಾಡಿಸಲು ಹೇಗೂ ಪೇಟೆಗೆ ಹೋಗುತ್ತೀರಿ.